ಒಂದೇ ಹಾಪ್ ತಳಿಯ ಬಿಯರ್: ಕಹಿ ಬೇರೆ, ಕಂಪು ಬೇರೆ

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ರಾಶಿಯ ಮುಂದೆ ನಿಂತ ವ್ಯಾಪಾರಿ ಮೊದಲು ನೋಡುವುದು ಬಣ್ಣವನ್ನು. ಖಾರ ಬೇಕಾದವರಿಗೆ ಗುಂಟೂರಿನ ಕಾಯಿ ಇದೆ. ಬ್ಯಾಡಗಿಯ ಡಬ್ಬಿ ಮತ್ತು ಕಡ್ಡಿ ಕಾಯಿಗಳಿಗೆ ಬೆಲೆ ಬರುವುದು ಅವುಗಳ ಕಡುಗೆಂಪಿನಿಂದ. ಖಾರವನ್ನು ಕೊಡುವ ಕ್ಯಾಪ್ಸೈಸಿನ್ ಒಂದು ವಸ್ತು, ಕೆಂಪನ್ನು ಕೊಡುವ ಕ್ಯಾಪ್ಸಾಂಥಿನ್ ಇನ್ನೊಂದು; ಒಂದು ಹೆಚ್ಚಿದ ಕಾಯಿಯಲ್ಲಿ ಇನ್ನೊಂದೂ ಹೆಚ್ಚಿರಬೇಕೆಂಬ ನಿಯಮವಿಲ್ಲ ಎಂಬುದನ್ನು ಹಾವೇರಿ ಜಿಲ್ಲೆಯ ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ. ಬಿಯರಿಗೆ ಹಾಕುವ ಹಾಪ್ ಹೂವಿನಲ್ಲಿಯೂ ಇಂತಹದೇ ಎರಡು ಗುಣಗಳು ಜೊತೆಯಾಗಿ ಕುಳಿತಿವೆ. ಒಂದು ಕಹಿ, ಇನ್ನೊಂದು ಕಂಪು. ಇವೆರಡನ್ನು ಬೇರ್ಪಡಿಸಿ ಗುರುತಿಸಲು ಕಲಿಯಬೇಕಾದರೆ ಒಂದೇ ತಳಿಯ ಹಾಪ್ ಬಳಸಿ ಮಾಡಿದ ಬಿಯರಿಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಕಳೆದ ಮಾಗಿಯ ಒಂದು ಭಾನುವಾರ ಹುಬ್ಬಳ್ಳಿಯ ವಿದ್ಯಾನಗರದ ನಮ್ಮ ಮನೆಯಲ್ಲಿ ನಾಲ್ವರು ಕುಳಿತು ಅಂತಹ ಎರಡು ಬಿಯರುಗಳ ರುಚಿ ನೋಡಿದೆವು. ಅಕ್ಕನ ಮಗ ವಿದೇಶದಿಂದ ಬರುವಾಗ ತಂದ ನಾಲ್ಕು ಕ್ಯಾನುಗಳವು. ಎರಡರಲ್ಲಿ ಕ್ಯಾಸ್ಕೇಡ್ ಎಂಬ ಹಾಪ್, ಇನ್ನೆರಡರಲ್ಲಿ ಸಿಟ್ರಾ ಎಂಬ ಹಾಪ್. ತಯಾರಕರು ಒಬ್ಬರೇ, ಮಾಲ್ಟ್ ಒಂದೇ, ಯೀಸ್ಟ್ ಒಂದೇ. ಕಹಿಯ ಅಳತೆಯೆಂದು ಡಬ್ಬಿಯ ಮೇಲೆ ಮುದ್ರಿಸಿದ್ದ ಅಂಕಿಯೂ ಎರಡರಲ್ಲಿಯೂ 35. ನಮ್ಮ ಜೊತೆ ಕುಳಿತವರಲ್ಲಿ ಒಬ್ಬರು ಬ್ಯಾಡಗಿಯಲ್ಲಿ ಬಹುಕಾಲದಿಂದ ಮೆಣಸಿನಕಾಯಿ ದಲಾಲಿ ನಡೆಸುವವರು. ಅಕ್ಕನ ಮಗ ಅಕ್ಷರಗಳನ್ನು ಓದಿ ಹೇಳಿದ ಕೂಡಲೇ ಅವರು ಕೇಳಿದರು: “ಎರಡರಾಗೂ ಕಹಿ ಅಷ್ಟ ಐತಿ ಅಂದ್ರ ರುಚಿ ಹೆಂಗ ಬ್ಯಾರೆ ಆಗ್ತೈತ್ರಿ?” ಅಂದು ಮಾತಿನಲ್ಲಿ ಕೊಟ್ಟ ಉತ್ತರವನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ಬಿಯರಿನ ಮೂಲ ಸಾಮಗ್ರಿ ನಾಲ್ಕೇ: ನೀರು, ಮಾಲ್ಟ್, ಹಾಪ್, ಯೀಸ್ಟ್. ಮಾಲ್ಟ್ ಎಂದರೆ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದ ಬಾರ್ಲಿ. ರಾಗಿ ಮಾಲ್ಟ್ ಕುಡಿದು ಬೆಳೆದ ನಮಗೆ ಈ ಕ್ರಮ ಹೊಸದಲ್ಲ. ಅದನ್ನು ಒರಟಾಗಿ ನುಚ್ಚು ಮಾಡಿ ಸುಮಾರು 65 ಡಿಗ್ರಿಯ ಬಿಸಿನೀರಿನಲ್ಲಿ ಒಂದು ತಾಸು ಇಟ್ಟರೆ, ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಸೋಸಿ ತೆಗೆದ ಸಿಹಿ ರಸಕ್ಕೆ ವರ್ಟ್ ಎಂದು ಹೆಸರು. ಅದನ್ನು ಒಂದರಿಂದ ಒಂದೂವರೆ ತಾಸು ಕುದಿಸುತ್ತಾರೆ. ಹಾಪ್ ಬೀಳುವುದು ಮುಖ್ಯವಾಗಿ ಈ ಕುದಿಯಲ್ಲಿ. ತಣಿದ ಮೇಲೆ ಯೀಸ್ಟ್ ಸೇರಿಸಿದರೆ ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಅಮಲು ಬರುವುದು ಮಾಲ್ಟಿನ ಸಕ್ಕರೆಯಿಂದ. ಹಾಪ್‌ಗೆ ಅದರಲ್ಲಿ ಪಾಲಿಲ್ಲ.

ಹಾಪ್ ಒಂದು ಬಳ್ಳಿ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಹ್ಯೂಮುಲಸ್ ಲೂಪುಲಸ್. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬಿಯರಿಗೆ ಬೇಕಾದುದು ಹೆಣ್ಣು ಬಳ್ಳಿಯ ಹೂಗೊಂಚಲು. ಹಸಿರು ಪಕಳೆಗಳು ಒಂದರ ಮೇಲೊಂದು ಹೊದ್ದುಕೊಂಡು ಚಿಕ್ಕ ಅನಾನಸಿನಂತೆ ಕಾಣುವ ಈ ಗೊಂಚಲನ್ನು ಬಿಡಿಸಿದರೆ, ಪಕಳೆಗಳ ಬುಡದಲ್ಲಿ ಅರಿಸಿನದ ಪುಡಿಯಂತಹ ಹಳದಿ ಕಣಗಳು ಕಾಣುತ್ತವೆ. ಇವು ಲೂಪುಲಿನ್ ಗ್ರಂಥಿಗಳು. ಬಿಯರ್ ತಯಾರಕ ಹಣ ಕೊಡುವುದು ಈ ಹಳದಿಗೆ. ಬಳ್ಳಿ ಹೂ ಬಿಡಬೇಕಾದರೆ ಬೇಸಿಗೆಯಲ್ಲಿ ದೀರ್ಘವಾದ ಹಗಲು ಬೇಕು, ಚಳಿಗಾಲದಲ್ಲಿ ಒಳ್ಳೆಯ ಶೀತ ಬೇಕು. ಆದುದರಿಂದಲೇ ಜರ್ಮನಿಯ ಹಾಲರ್ಟಾವ್, ಚೆಕ್ ದೇಶದ ಝಾಟೆಟ್ಸ್, ಇಂಗ್ಲೆಂಡಿನ ಕೆಂಟ್, ಅಮೆರಿಕದ ಯಾಕಿಮಾ ಕಣಿವೆ ಮುಂತಾದ ಹಾಪ್ ಸೀಮೆಗಳು ಬಹುಮಟ್ಟಿಗೆ 35ರಿಂದ 55 ಡಿಗ್ರಿ ಅಕ್ಷಾಂಶಗಳ ನಡುವೆ ಇವೆ. ಹುಬ್ಬಳ್ಳಿ-ಧಾರವಾಡ ಇರುವುದು 15 ಡಿಗ್ರಿಯ ಆಸುಪಾಸಿನಲ್ಲಿ. ನಮ್ಮ ವರ್ಷದ ಅತಿ ದೀರ್ಘ ಹಗಲು ಸುಮಾರು 13 ತಾಸು, ಹಾಲರ್ಟಾವಿನಲ್ಲಿ ಅದು 16 ತಾಸು. ಭಾರತದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಹಾಪ್ ಬೆಳೆದಿದ್ದಾರೆ. ನಮ್ಮ ಎರೆ ಭೂಮಿಗೆ ಅದು ಬರುವ ಬೆಳೆಯಲ್ಲ.

ಲೂಪುಲಿನ್ ಕಣದೊಳಗೆ ಎರಡು ಬಗೆಯ ಸಾಮಗ್ರಿ ಇದೆ: ಅಂಟಾದ ರಾಳ ಮತ್ತು ಬೇಗ ಆರಿಹೋಗುವ ತೈಲ. ಮೊದಲು ರಾಳದ ಮಾತು. ಇದರಲ್ಲಿರುವ ಹ್ಯೂಮುಲೋನ್ ಮತ್ತು ಅದರ ಹತ್ತಿರದ ಸಂಬಂಧಿಗಳನ್ನು ಒಟ್ಟಾಗಿ ಆಲ್ಫಾ ಆಮ್ಲಗಳು ಎನ್ನುತ್ತಾರೆ. ಹಾಪ್ ಮಾರುವವರು ಪ್ರತಿ ಚೀಲದ ಮೇಲೆ ಈ ಆಮ್ಲದ ಶೇಕಡಾವಾರನ್ನು ಬರೆಯುತ್ತಾರೆ. ಬೆಳೆ ಬಂದ ವರ್ಷಕ್ಕೂ ಹೊಲಕ್ಕೂ ತಕ್ಕಂತೆ ಅದು ಏರಿಳಿಯುತ್ತದೆ. ವಿಶೇಷವೆಂದರೆ ಆಲ್ಫಾ ಆಮ್ಲಗಳು ಇದ್ದ ಹಾಗೆಯೇ ಬಿಯರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಕರಗಿದಷ್ಟೂ ಹೆಚ್ಚು ಕಹಿಯಲ್ಲ. ಕುದಿಯುವ ವರ್ಟಿನಲ್ಲಿ ಅವುಗಳ ಅಣುವಿನ ರಚನೆ ಒಳಗೊಳಗೇ ಮರುಜೋಡಣೆಯಾಗಿ ಐಸೊ-ಆಲ್ಫಾ ಆಮ್ಲಗಳಾಗುತ್ತವೆ; ಒಂದು ಪರಮಾಣು ಸೇರಲಿಲ್ಲ, ಒಂದು ಕಳೆಯಲಿಲ್ಲ, ಆದರೆ ಹೊಸ ರೂಪ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ ಮತ್ತು ನಾಲಿಗೆಗೆ ಸ್ಪಷ್ಟವಾಗಿ ಕಹಿಯಾಗುತ್ತದೆ. ಈ ಬದಲಾವಣೆಗೆ ಕಾವೂ ಬೇಕು, ಕಾಲವೂ ಬೇಕು. ಒಂದು ತಾಸು ಕುದಿದ ಹಾಪ್ ಕೊಡುವ ಕಹಿಯ ಸುಮಾರು ಮೂರನೇ ಒಂದು ಭಾಗವನ್ನಷ್ಟೇ ಹತ್ತು ನಿಮಿಷ ಕುದಿದ ಹಾಪ್ ಕೊಡುತ್ತದೆ. ತಣ್ಣಗಿನ ಬಿಯರಿಗೆ ಹಾಕಿದ ಹಾಪ್‌ನಿಂದ ಈ ಬಗೆಯ ಕಹಿ ಹುಟ್ಟುವುದೇ ಇಲ್ಲ.

ಕ್ಯಾನಿನ ಮೇಲಿದ್ದ 35 ಎಂಬ ಅಂಕಿಯ ಅರ್ಥ ಇಲ್ಲಿದೆ. ಅದು ಐಬಿಯು ಎಂಬ ಅಂತರರಾಷ್ಟ್ರೀಯ ಅಳತೆ; ಸ್ಥೂಲವಾಗಿ ಹೇಳುವುದಾದರೆ ಒಂದು ಲೀಟರ್ ಬಿಯರಿನಲ್ಲಿ ಇಷ್ಟು ಮಿಲಿಗ್ರಾಂ ಐಸೊ-ಆಲ್ಫಾ ಆಮ್ಲ ಇದೆ ಎಂದು ತಿಳಿಸುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ. 20 ಲೀಟರ್ ಬಿಯರಿಗೆ 30 ಐಬಿಯು ಬೇಕೆಂದರೆ ಒಟ್ಟು 600 ಮಿಲಿಗ್ರಾಂ ಐಸೊ-ಆಲ್ಫಾ ಆಮ್ಲ ಬೇಕು. ಒಂದು ತಾಸಿನ ಕುದಿಯಲ್ಲಿ ಹಾಕಿದ ಆಲ್ಫಾ ಆಮ್ಲದ ನಾಲ್ಕನೇ ಒಂದು ಭಾಗ ಬಿಯರಿಗೆ ಇಳಿಯುತ್ತದೆಂದು ಹಿಡಿದರೆ, ಹಾಕಬೇಕಾದದ್ದು 2,400 ಮಿಲಿಗ್ರಾಂ. ಶೇಕಡಾ 6ರಷ್ಟು ಆಲ್ಫಾ ಆಮ್ಲವಿರುವ ಕ್ಯಾಸ್ಕೇಡ್ ಆದರೆ ಇದಕ್ಕೆ 40 ಗ್ರಾಂ ಹೂವು ಬೇಕು. ಶೇಕಡಾ 12ರಷ್ಟಿರುವ ಸಿಟ್ರಾ ಆದರೆ 20 ಗ್ರಾಂ ಸಾಕು. ತಳಿಗಳನ್ನು ಹೋಲಿಸಬೇಕೆಂದು ಬಿಯರ್ ಮಾಡುವ ಪ್ರಾಮಾಣಿಕ ತಯಾರಕ ಕುದಿಯ ಆರಂಭದಲ್ಲಿ ಎರಡನ್ನೂ ಒಂದೇ ತೂಕದಲ್ಲಿ ಹಾಕುವುದಿಲ್ಲ, ಕಹಿ ಸಮನಾಗುವಂತೆ ತೂಕವನ್ನು ಬದಲಿಸುತ್ತಾನೆ. ಕಹಿಯನ್ನು ಹೀಗೆ ಸಮ ಮಾಡಿಟ್ಟಾಗಲೇ ಉಳಿದ ವ್ಯತ್ಯಾಸ ಕಂಪಿನದು ಎಂದು ಧೈರ್ಯವಾಗಿ ಹೇಳಬಹುದು. ನಮ್ಮ ದಲಾಲ ಮಿತ್ರರ ಪ್ರಶ್ನೆಗೆ ಉತ್ತರದ ಅರ್ಧ ಭಾಗ ಇದು.

ಉಳಿದರ್ಧ ತೈಲದಲ್ಲಿದೆ. ಒಣಗಿದ ಹಾಪ್‌ನಲ್ಲಿ ತೈಲದ ಪಾಲು ತೀರ ಕಡಿಮೆ. ತಳಿಯನ್ನು ಅನುಸರಿಸಿ ಶೇಕಡಾ ಅರ್ಧದಿಂದ ಮೂರರವರೆಗೆ. ಆದರೆ ಆ ಸ್ವಲ್ಪದರಲ್ಲಿ ನೂರಾರು ಬಗೆಯ ಸುವಾಸನಾ ವಸ್ತುಗಳಿವೆ, ಮತ್ತು ತಳಿಯಿಂದ ತಳಿಗೆ ಅವುಗಳ ಪ್ರಮಾಣ ಬದಲಾಗುತ್ತದೆ. ಇವು ರಾಳಕ್ಕೆ ತದ್ವಿರುದ್ಧ ಸ್ವಭಾವದವು. ರಾಳಕ್ಕೆ ಕುದಿ ಬೇಕು. ತೈಲವು ಕುದಿಯ ಹಬೆಯೊಡನೆ ಹಾರಿಹೋಗುತ್ತದೆ. ಒಲೆಯ ಮುಂದೆ ನಿಂತವರಿಗೆ ಇದು ಗೊತ್ತಿರುವ ಮಾತು: ಸಾರಿಗೆ ಕೊತ್ತಂಬರಿ ಸೊಪ್ಪನ್ನು ಇಳಿಸುವ ಮುನ್ನ ಹಾಕುತ್ತೇವೆ, ಬೇಳೆಯೊಡನೆ ಕುಕ್ಕರಿಗೆ ಹಾಕುವುದಿಲ್ಲ. ಹಾಗೆಯೇ ತಯಾರಕ ಒಂದೇ ಹಾಪನ್ನು ಮೂರು ಹೊತ್ತಿನಲ್ಲಿ ಹಾಕುತ್ತಾನೆ. ಕುದಿಯ ಆರಂಭದಲ್ಲಿ ಕಹಿಗಾಗಿ, ಕುದಿಯ ಕೊನೆಗೆ ಅಥವಾ ಉರಿ ಆರಿಸಿದ ಮೇಲೆ ಕಹಿ-ಕಂಪುಗಳ ಮಿಶ್ರಣಕ್ಕಾಗಿ, ಹುದುಗುವಿಕೆ ಮುಗಿಯುತ್ತ ಬಂದಾಗ ಬರಿಯ ಕಂಪಿಗಾಗಿ. ಈ ಮೂರನೆಯದಕ್ಕೆ ಡ್ರೈ ಹಾಪಿಂಗ್ ಎಂದು ಹೆಸರು. ಏಕ ಹಾಪ್ ಬಿಯರಿನಲ್ಲಿ ಈ ಮೂರೂ ಹೊತ್ತಿಗೆ ಬೀಳುವುದು ಒಂದೇ ತಳಿ. ಆದ್ದರಿಂದ ಲೋಟದಲ್ಲಿ ಕಾಣುವ ಹಾಪ್‌ನ ಗುಣವೆಲ್ಲ ಆ ಒಂದೇ ಹೂವಿನದು.

ತೈಲದಲ್ಲಿರುವ ಕೆಲವು ವಸ್ತುಗಳ ಹೆಸರು ಪ್ರಯೋಗಶಾಲೆಯದಾದರೂ ಅವುಗಳ ಪರಿಚಯ ನಮಗೆ ಅಡುಗೆಮನೆಯಲ್ಲಿಯೇ ಆಗಿದೆ. ಲಿನಲೂಲ್ ಎಂಬುದು ಹವೀಜದ, ಅಂದರೆ ಕೊತ್ತಂಬರಿ ಬೀಜದ, ತೈಲದ ಮುಖ್ಯ ಅಂಶ. ಹವೀಜವನ್ನು ಅಂಗೈಯಲ್ಲಿ ತಿಕ್ಕಿ ಮೂಸಿದಾಗ ಬರುವ ಹೂವಿನಂತಹ, ತುಸು ಹುಳಿ ಹಣ್ಣಿನಂತಹ ಕಂಪು ಅದರದು. ಜೆರಾನಿಯಾಲ್ ಗುಲಾಬಿಯಲ್ಲಿದೆ. ಕ್ಯಾರಿಯೋಫಿಲೀನ್ ಕರಿಮೆಣಸಿನಲ್ಲಿಯೂ ಲವಂಗದಲ್ಲಿಯೂ ಇದೆ. ಹಾಪ್ ತೈಲದಲ್ಲಿ ಬಹಳ ಸಲ ದೊಡ್ಡ ಪಾಲು ಹೊಂದಿರುವ ಮಿರ್ಸೀನ್ ಹಸಿರು ಸೊಪ್ಪಿನ, ರಾಳದ ವಾಸನೆ ಕೊಡುತ್ತದೆ. ಮಾವಿನಲ್ಲಿಯೂ ಅದು ಇರುತ್ತದೆ. ಇವುಗಳ ಹೊರತಾಗಿ ಥಯಾಲ್ ಎಂಬ ಗಂಧಕಯುಕ್ತ ವಸ್ತುಗಳ ಒಂದು ಗುಂಪಿದೆ. ಪೇರಲ, ಚಕ್ಕೋತ ಮುಂತಾದ ಹಣ್ಣುಗಳ ತೀಕ್ಷ್ಣವಾದ ವಾಸನೆಗೆ ಇಂತಹ ವಸ್ತುಗಳೇ ಕಾರಣ, ಮತ್ತು ಇವುಗಳ ಪ್ರಭಾವ ಆಶ್ಚರ್ಯ ಹುಟ್ಟಿಸುವಂತಹದು: ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಕೆಲವೇ ಪಾಲು ಒಂದು ಲೀಟರ್ ಬಿಯರಿನಲ್ಲಿದ್ದರೂ ಕೆಲವು ಥಯಾಲ್‌ಗಳನ್ನು ಮೂಗು ಗುರುತಿಸುತ್ತದೆ. ಯೀಸ್ಟ್ ಕೂಡ ಸುಮ್ಮನಿರುವುದಿಲ್ಲ; ಹಾಪ್‌ನ ಜೆರಾನಿಯಾಲನ್ನು ಲಿಂಬೆಯ ಕಡೆಗೆ ವಾಲುವ ಸಿಟ್ರೊನೆಲ್ಲೋಲ್ ಆಗಿ ಬದಲಿಸುವ ಶಕ್ತಿ ಅದಕ್ಕಿದೆ. ಹೀಗಾಗಿ ಹಸಿ ಹೂವನ್ನು ಮೂಸಿದಾಗ ಬಂದ ಕಂಪೇ ಬಿಯರಿನಲ್ಲಿ ಬರಬೇಕೆಂದು ನಿರೀಕ್ಷಿಸುವಂತಿಲ್ಲ.

ಒಂದೇ ತಳಿಯನ್ನು ಬಳಸುವುದು ಇತ್ತೀಚಿನ ಕ್ರಾಫ್ಟ್ ತಯಾರಕರು, ಅಂದರೆ ಚಿಕ್ಕ ಪ್ರಮಾಣದಲ್ಲಿ ಸ್ವತಂತ್ರವಾಗಿ ಬಿಯರ್ ಮಾಡುವವರು, ಹುಟ್ಟುಹಾಕಿದ ಪದ್ಧತಿಯೆಂದು ಹಲವರು ಭಾವಿಸುತ್ತಾರೆ. ಆದರೆ 1842ರಲ್ಲಿ ಬೊಹೇಮಿಯಾದ ಪ್ಲಜೆನ್ ಊರಿನಲ್ಲಿ ಯೋಸೆಫ್ ಗ್ರೋಲ್ ಎಂಬ ಬವೇರಿಯಾದ ತಯಾರಕ ಮಾಡಿದ ಹೊಂಬಣ್ಣದ ಬಿಯರ್, ಮುಂದೆ ಪಿಲ್ಸ್‌ನರ್ ಎಂದು ಜಗತ್ತನ್ನೇ ಆವರಿಸಿದ ಆ ಬಿಯರ್, ಅಲ್ಲಿಯ ಸಾಝ್ ಹಾಪ್‌ನ ಮೇಲೆ ನಿಂತದ್ದು. ಸಾಝ್‌ನಲ್ಲಿ ಆಲ್ಫಾ ಆಮ್ಲ ಶೇಕಡಾ 3ರಿಂದ 4.5ರಷ್ಟು ಮಾತ್ರ; ಕಂಪು ಒಣ ಹುಲ್ಲಿನ, ಮಸಾಲೆಯ, ಮೆಲುದನಿಯದು. ಅಷ್ಟು ಮೃದುವಾದ ಹೂವು ಎದ್ದು ಕಾಣಲು ಪ್ಲಜೆನ್ನಿನ ಲವಣ ಕಡಿಮೆಯಿರುವ ಮೆತ್ತನೆಯ ನೀರು ನೆರವಾಯಿತು. ಇಂಗ್ಲೆಂಡಿನ ಬರ್ಟನ್ ಊರಿನ ನೀರಿನಲ್ಲಿ ಸಲ್ಫೇಟ್ ಹೆಚ್ಚು. ಅದು ಹಾಪ್‌ನ ಕಹಿಯನ್ನು ಒಣಗಿಸಿ ಚೂಪಾಗಿಸುತ್ತದೆ. ಮಲಪ್ರಭೆಯ ನೀರಿನಲ್ಲಿ ಕುದಿಸಿದ ಚಹಾಕ್ಕೂ ಗದಗಿನ ಕಡೆಯ ಬೋರ್‌ವೆಲ್ ನೀರಿನಲ್ಲಿ ಕುದಿಸಿದ ಚಹಾಕ್ಕೂ ಇರುವ ವ್ಯತ್ಯಾಸವನ್ನು ಬಲ್ಲವರಿಗೆ ನೀರಿನ ಈ ಪಾತ್ರವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನೀರು, ಮಾಲ್ಟ್, ಯೀಸ್ಟ್ ಮೂರನ್ನೂ ಅಲುಗಾಡದಂತೆ ಇಟ್ಟು ಹಾಪ್ ಒಂದನ್ನು ಬದಲಿಸುವುದೇ ಹೋಲಿಕೆಯ ನ್ಯಾಯವಾದ ಮಾರ್ಗ.

ನಮ್ಮ ಮುಂದಿದ್ದ ಎರಡು ತಳಿಗಳ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಕ್ಯಾಸ್ಕೇಡ್ ಅಮೆರಿಕದ ಕೃಷಿ ಇಲಾಖೆಯ ತಳಿ ಅಭಿವೃದ್ಧಿ ಕಾರ್ಯಕ್ರಮದಡಿ ಓರೆಗಾನ್ ರಾಜ್ಯದಲ್ಲಿ ರೂಪುಗೊಂಡು 1972ರಲ್ಲಿ ಬಿಡುಗಡೆಯಾಯಿತು. ಅದರ ವಂಶದಲ್ಲಿ ಇಂಗ್ಲೆಂಡಿನ ಫಗಲ್ ತಳಿಯ ರಕ್ತವಿದೆ. 1980ರಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಕಂಪನಿ ತಯಾರಿಸಿದ ಪೇಲ್ ಏಲ್ ಎಂಬ ಬಿಯರ್ ಈ ಹೂವಿನ ಚಕ್ಕೋತದ ಸಿಪ್ಪೆಯಂತಹ ಕಂಪನ್ನು ಅಮೆರಿಕದ ಕ್ರಾಫ್ಟ್ ಬಿಯರಿನ ಗುರುತಾಗಿಸಿತು. ಸಿಟ್ರಾ ಅದಕ್ಕಿಂತ ಒಂದು ತಲೆಮಾರು ಕಿರಿಯದು. ಈ ಶತಮಾನದ ಮೊದಲ ದಶಕದಲ್ಲಿ ಮಾರುಕಟ್ಟೆಗೆ ಬಂದಿತು. ಅದರಲ್ಲಿ ಆಲ್ಫಾ ಆಮ್ಲವೂ ಹೆಚ್ಚು, ತೈಲವೂ ಹೆಚ್ಚು, ಥಯಾಲ್‌ಗಳೂ ಸಮೃದ್ಧ. ಬ್ಯಾಡಗಿಯ ಹೋಲಿಕೆ ಇಲ್ಲಿ ಪೂರ್ತಿ ಹೊಂದುವುದಿಲ್ಲ: ಖಾರವೂ ಬಣ್ಣವೂ ಎರಡೂ ತುಂಬಿದ ಕಾಯಿಯಂತೆ ಈ ತಳಿಯಲ್ಲಿ ಎರಡು ಗುಣಗಳೂ ಒಟ್ಟಿಗೆ ಏರಿವೆ.

ಇನ್ನು ರುಚಿ ನೋಡುವ ಕ್ರಮ. ಮೊದಲನೆಯದು ಲೋಟ. ಸ್ಟೀಲ್ ಲೋಟದಲ್ಲಿ ಬಣ್ಣ ಕಾಣುವುದಿಲ್ಲ. ಬಾಯಿ ಅಗಲವಾದ ಲೋಟದಲ್ಲಿ ಕಂಪು ನಿಲ್ಲುವುದಿಲ್ಲ. ಹೊಟ್ಟೆ ತುಸು ಉಬ್ಬಿ ಬಾಯಿ ಕಿರಿದಾಗುವ ಗಾಜಿನ ಲೋಟ ಉತ್ತಮ, ಅದನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬಾರದು. ಎರಡನೆಯದು ಉಷ್ಣತೆ. ನಮ್ಮ ಊರಿನ ಬಾರುಗಳಲ್ಲಿ ಬಿಯರೆಂದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರಬೇಕೆಂಬ ನಂಬಿಕೆ ಬಲವಾಗಿದೆ. ಏಪ್ರಿಲಿನ ಬಿಸಿಲಿನಲ್ಲಿ ಬಾಯಾರಿದವನಿಗೆ ಅದು ಸರಿ, ಆದರೆ ಅಷ್ಟು ತಣ್ಣಗಿನ ದ್ರವದಿಂದ ಸುವಾಸನೆಯ ವಸ್ತುಗಳು ಮೇಲೇಳುವುದಿಲ್ಲ. ಫ್ರಿಜ್ಜಿನಿಂದ ತೆಗೆದು ಹದಿನೈದು ನಿಮಿಷ ಹೊರಗಿಟ್ಟು, 8ರಿಂದ 10 ಡಿಗ್ರಿಗೆ ಬಂದ ಮೇಲೆ ಲೋಟಕ್ಕೆ ಬಗ್ಗಿಸಬೇಕು. ಮೂರನೆಯದು ತಿನಿಸು. ಹುಬ್ಬಳ್ಳಿಯಲ್ಲಿ ನಾಲ್ವರು ಕೂಡಿದರೆ ಮಿರ್ಚಿ ಭಜಿ, ಗಿರಮಿಟ್ ಇಲ್ಲದೆ ಆಗದು. ಆದರೆ ಮೆಣಸಿನಕಾಯಿಯ ಉರಿ ನಾಲಿಗೆಯನ್ನು ಆವರಿಸಿದ ಮೇಲೆ ಹಾಪ್‌ನ ಸೂಕ್ಷ್ಮ ಉಳಿಯುವುದಿಲ್ಲ, ಮತ್ತು ಉಪ್ಪು ಕಹಿಯನ್ನು ತಗ್ಗಿಸುತ್ತದೆ. ನಾವು ನಡುನಡುವೆ ತಿಂದದ್ದು ಖಡಕ್ ಜೋಳದ ರೊಟ್ಟಿಯ ಚೂರು, ಕುಡಿದದ್ದು ನೀರು. ಭಜಿಯನ್ನು ಕೊನೆಗೆ ಇಟ್ಟೆವು.

ಎಲ್ಲಕ್ಕಿಂತ ಮುಖ್ಯವಾದುದು ಹೆಸರನ್ನು ಮರೆಮಾಡುವುದು. ಕ್ಯಾನಿನ ಮೇಲೆ ಮಾವಿನ ಹಣ್ಣಿನ ಚಿತ್ರವಿದ್ದರೆ ಮೂಗು ಮಾವನ್ನೇ ಹುಡುಕುತ್ತದೆ. ಆದ್ದರಿಂದ ಅಕ್ಕನ ಮಗ ಒಳಗೆ ಹೋಗಿ ಪ್ರತಿಯೊಬ್ಬರಿಗೂ ಮೂರು ಲೋಟಗಳನ್ನು ತುಂಬಿ ತಂದ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಇನ್ನೊಂದು. ಬೇರೆಯಾದುದು ಯಾವುದೆಂದು ಹೇಳಬೇಕು. ರುಚಿ ಪರೀಕ್ಷಕರು ಇದನ್ನು ತ್ರಿಕೋನ ಪರೀಕ್ಷೆ ಎನ್ನುತ್ತಾರೆ, ಮತ್ತು ಇದಕ್ಕಿಂತ ಸರಳವೂ ಕಟ್ಟುನಿಟ್ಟೂ ಆದ ವಿಧಾನ ಮನೆಯ ಮಟ್ಟಿಗೆ ಇನ್ನೊಂದಿಲ್ಲ. ಮೊದಲ ಸುತ್ತಿನಲ್ಲಿ ನಾಲ್ವರಲ್ಲಿ ಮೂವರು ಸರಿಯಾಗಿ ಹೇಳಿದೆವು. ಬರಿಯ ಊಹೆಯಿಂದಲೇ ಮೂವರು ಅಥವಾ ನಾಲ್ವರು ಸರಿ ಹೇಳುವ ಸಂಭವ ಒಂಬತ್ತರಲ್ಲಿ ಒಂದು, ಆದ್ದರಿಂದ ಇದನ್ನು ದೊಡ್ಡ ಸಾಕ್ಷಿಯೆನ್ನುವಂತಿಲ್ಲ. ಎರಡನೆಯ ಸುತ್ತಿನಲ್ಲಿ ಕುಡಿಯದೆ ಬರಿಯ ಮೂಗಿನಿಂದ ಪ್ರಯತ್ನಿಸಿದಾಗ ನಾಲ್ವರೂ ಸರಿ ಹೇಳಿದೆವು. ಊಹೆಯಿಂದ ಹಾಗಾಗುವ ಸಂಭವ ಎಂಬತ್ತೊಂದರಲ್ಲಿ ಒಂದು. ನಾಲಿಗೆ ತಡವರಿಸಿದ ಕಡೆ ಮೂಗು ತಡವರಿಸಲಿಲ್ಲ. ಕಹಿಯನ್ನು ಸಮ ಮಾಡಿದ ಬಿಯರುಗಳಲ್ಲಿ ಹೀಗಾಗುವುದು ಸಹಜವೇ.

ಮೂಸುವುದಕ್ಕೂ ಒಂದು ರೀತಿಯಿದೆ. ಲೋಟವನ್ನು ಮೆಲ್ಲಗೆ ತಿರುಗಿಸಿ, ನೊರೆ ತುಸು ಇಳಿದ ಮೇಲೆ, ಉದ್ದನೆಯ ಒಂದು ಉಸಿರಿನ ಬದಲು ಚಿಕ್ಕ ಚಿಕ್ಕದಾಗಿ ಎರಡು ಮೂರು ಸಲ ಮೂಸಿ ದೂರ ಇಡಬೇಕು. ಒಂದೇ ವಾಸನೆಗೆ ಒಡ್ಡಿಕೊಂಡ ಮೂಗು ಬಲುಬೇಗ ಮಂಕಾಗುತ್ತದೆ. ಮಂಕಾದರೆ ತನ್ನದೇ ಮೊಣಕೈ ಒಳಭಾಗವನ್ನು ಮೂಸಿ ಮತ್ತೆ ಆರಂಭಿಸಬಹುದು. ಮೊದಲ ಬಿಯರನ್ನು ಮೂಸಿದ ನಮ್ಮ ದಲಾಲರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಣ್ಣಾದ ಪೇರಲ ಬುಟ್ಟಿ ಬಾಜೂಕ ಇಟ್ಟಂಗ ಐತಿ” ಎಂದರು. ಅದು ಸಿಟ್ರಾ. ಕ್ಯಾನಿನ ಮೇಲೆ ಬರೆದಿದ್ದದ್ದು ಮಾವು, ಲಿಚ್ಚಿ ಮತ್ತು ಪ್ಯಾಷನ್ ಫ್ರೂಟ್. ಅವರದು ತಪ್ಪು ಉತ್ತರವೆಂದು ನಾನು ಎಣಿಸುವುದಿಲ್ಲ. ಪೇರಲದಲ್ಲಿಯೂ ಪ್ಯಾಷನ್ ಫ್ರೂಟಿನಲ್ಲಿಯೂ ಹತ್ತಿರದ ಸಂಬಂಧದ ಥಯಾಲ್‌ಗಳೇ ಇವೆ; ಮಾಗಿಯ ದಿನಗಳಲ್ಲಿ ಊರ ತುಂಬ ಪೇರಲದ ಗಾಡಿಗಳಿರುವಾಗ ಮೂಗು ತನಗೆ ಹೊಸದಾಗಿ ಪರಿಚಯವಿರುವ ಹೆಸರನ್ನೇ ಹೇಳಿತು. ಧಾರವಾಡದ ಆಪೂಸ್ ಬರುವ ಮೇ ತಿಂಗಳಲ್ಲಿ ಇದೇ ಬಿಯರನ್ನು ಕೊಟ್ಟಿದ್ದರೆ ಅವರು ಮಾವೆಂದು ಹೇಳುತ್ತಿದ್ದರೇನೋ. ಪರದೇಶದ ಚೀಟಿಯಲ್ಲಿರುವ, ನಾವು ತಿಂದೇ ಇರದ ಹಣ್ಣುಗಳ ಹೆಸರನ್ನು ಬಾಯಿಪಾಠ ಮಾಡುವುದಕ್ಕಿಂತ ನಮ್ಮ ಸಂತೆಯ ಹಣ್ಣುಗಳಿಂದ ಹೆಸರಿಡುವುದು ಹೆಚ್ಚು ಪ್ರಾಮಾಣಿಕವೆಂದು ನನ್ನ ಗಟ್ಟಿ ಅಭಿಪ್ರಾಯ. ಎರಡನೆಯ ಲೋಟದ ಕ್ಯಾಸ್ಕೇಡ್‌ನಲ್ಲಿ ನನಗೆ ಬಂದದ್ದು ಚಕ್ಕೋತದ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಏಳುವ ವಾಸನೆ, ಅದರ ಹಿಂದೆ ಒಂದು ಒಣ ಹೂವಿನ ಕಂಪು, ತುದಿಯಲ್ಲಿ ರಾಳದ ಎಳೆ.

ಗುಟುಕನ್ನು ಬಾಯಲ್ಲಿ ಮೂರು ನಾಲ್ಕು ಸೆಕೆಂಡು ಆಡಿಸಿ ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಬೇಕು. ಆಗ ಗಂಟಲಿನ ಹಿಂಬದಿಯಿಂದ ಮೂಗಿಗೆ ಏರುವ ಗಾಳಿಯೇ ನಾವು ‘ರುಚಿ’ ಎನ್ನುವುದರ ದೊಡ್ಡ ಪಾಲು. ನೆಗಡಿಯಾದಾಗ ಊಟ ಸಪ್ಪೆಯಾಗುವುದು ಈ ದಾರಿ ಕಟ್ಟಿಕೊಳ್ಳುವುದರಿಂದ. ಮಾಲ್ಟಿನ ಸಿಹಿ ಮೊದಲು ಬರುತ್ತದೆ, ಕಹಿ ತಡವಾಗಿ ಏರುತ್ತದೆ, ನುಂಗಿದ ಮೇಲೆಯೂ ಏರುತ್ತಲೇ ಇದ್ದು ಮೆಲ್ಲಗೆ ಇಳಿಯುತ್ತದೆ. ಕಹಿಯನ್ನು ನಾಲಿಗೆಯ ಹಿಂಭಾಗ ಮಾತ್ರ ಗುರುತಿಸುತ್ತದೆಂದು ಶಾಲೆಯ ಪುಸ್ತಕದಲ್ಲಿ ಓದಿದವರು ಬಹಳ ಮಂದಿ. ಆ ನಕಾಶೆ ಸರಿಯಲ್ಲ, ರುಚಿಮೊಗ್ಗುಗಳಿರುವ ಎಲ್ಲ ಕಡೆಯೂ ಕಹಿ ತಿಳಿಯುತ್ತದೆ. ಮೊದಲ ಗುಟುಕಿನಿಂದ ಕಹಿಯನ್ನು ಅಳೆಯಬಾರದು, ಮೂರನೆಯ ಗುಟುಕಿನವರೆಗೆ ಕಾಯಬೇಕು. ಯುಗಾದಿಯ ದಿನ ನಮ್ಮ ಕಡೆ ಬೆಲ್ಲ, ಮಾವು, ಪುಟಾಣಿ, ಬೇವಿನ ಹೂವು ಹಾಕಿ ನೀರಾಗಿ ಮಾಡುವ ಬೇವನ್ನು ಗಮನವಿಟ್ಟು ಕುಡಿದವರಿಗೆ ಸಿಹಿಯ ಹಿಂದೆ ಕಹಿ ನಡೆದುಬರುವ ಈ ಕ್ರಮ ಕೂಡಲೇ ತಿಳಿಯುತ್ತದೆ. ಅಂಕಿ 35 ಎಂದಿದ್ದರೂ ಸಿಟ್ರಾ ಬಿಯರ್ ನಮಗೆ ಕಡಿಮೆ ಕಹಿಯೆನಿಸಿತು. ಹಣ್ಣಿನ ಕಂಪು ಬಂದಾಗ ಮನಸ್ಸು ಸಿಹಿಯನ್ನು ನಿರೀಕ್ಷಿಸುತ್ತದೆ, ನಿರೀಕ್ಷೆಯು ಕಹಿಯನ್ನು ಮೃದುಗೊಳಿಸುತ್ತದೆ. ಐಬಿಯು ಒಂದು ರಾಸಾಯನಿಕದ ಅಳತೆ. ಅನುಭವದ ಕಹಿಯನ್ನು ಮಾಲ್ಟಿನ ಸಿಹಿ, ಕಂಪು, ಉಷ್ಣತೆ ಎಲ್ಲವೂ ಸೇರಿ ನಿರ್ಧರಿಸುತ್ತವೆ.

ನೊರೆಯನ್ನು ಊದಿ ತೆಗೆಯುವ ಅಭ್ಯಾಸವಿರುವವರಿಗೆ ಒಂದು ಮಾತು. ನೊರೆ ನಿಲ್ಲುವುದೇ ಮಾಲ್ಟಿನ ಪ್ರೋಟೀನುಗಳು ಮತ್ತು ಹಾಪ್‌ನ ಐಸೊ-ಆಲ್ಫಾ ಆಮ್ಲಗಳು ಕೂಡಿಕೊಂಡು ಗುಳ್ಳೆಯ ಗೋಡೆಯನ್ನು ಕಟ್ಟುವುದರಿಂದ. ಹಾಗಾಗಿ ಬರಿಯ ನೊರೆ ಕೆಳಗಿನ ಬಿಯರಿಗಿಂತ ಹೆಚ್ಚು ಕಹಿ. ಬೆರಳಿನಿಂದ ನೆಕ್ಕಿ ನೋಡಿದರೆ ಇದು ಅನುಭವಕ್ಕೆ ಬರುತ್ತದೆ.

ಇಷ್ಟೆಲ್ಲ ಎಚ್ಚರಿಕೆ ವಹಿಸಿದರೂ ಬಿಯರೇ ಕೆಟ್ಟಿದ್ದರೆ ಹಾಪ್‌ನ ಪರಿಚಯವಾಗುವುದಿಲ್ಲ. ಹಾಪ್‌ಗೆ ಮೂವರು ಶತ್ರುಗಳು: ಬೆಳಕು, ಆಮ್ಲಜನಕ, ಸೆಖೆ. ಬೆಳಕು ಬಿದ್ದಾಗ ಐಸೊ-ಆಲ್ಫಾ ಆಮ್ಲಗಳು ಬಿಯರಿನಲ್ಲಿರುವ ರೈಬೋಫ್ಲಾವಿನ್ ಎಂಬ ಜೀವಸತ್ವದ ನೆರವಿನಿಂದ ಒಡೆದು ಒಂದು ದುರ್ನಾತದ ಥಯಾಲ್ ಆಗುತ್ತವೆ. ಕಂದು ಬಾಟಲಿ ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಬಾಟಲಿ ತಡೆಯಲಾರದು, ಕ್ಯಾನ್ ಪೂರ್ತಿ ತಡೆಯುತ್ತದೆ. ಕೆಲವು ವರ್ಷಗಳ ಹಿಂದೆ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಬಿಸಿಲಿಗೆ ಮುಖಮಾಡಿ ನಿಲ್ಲಿಸಿದ್ದ ಹಸಿರು ಬಾಟಲಿಯನ್ನು ನಾನು ಕೊಂಡು ತಂದು ತೆರೆದಾಗ ಬಂದದ್ದು ಸುಟ್ಟ ರಬ್ಬರಿನಂತಹ ನಾತ; ಆ ಹಾಪ್ ಯಾವ ತಳಿಯದೆಂದು ತಿಳಿಯುವ ದಾರಿಯೇ ಇರಲಿಲ್ಲ. ಆಮ್ಲಜನಕದಿಂದ ಹಣ್ಣಿನ ಕಂಪು ಸತ್ತು ಒದ್ದೆ ರಟ್ಟಿನ ವಾಸನೆ ಬರುತ್ತದೆ, ಸೆಖೆ ಅದನ್ನು ವೇಗಗೊಳಿಸುತ್ತದೆ. ಹಾಪ್ ಪ್ರಧಾನವಾದ ಬಿಯರನ್ನು ವೈನಿನಂತೆ ಕೂಡಿಡುವುದು ತಪ್ಪು. ತಯಾರಾದ ದಿನಾಂಕ ನೋಡಿ, ಎರಡು ಮೂರು ತಿಂಗಳೊಳಗೆ, ಉದ್ದಕ್ಕೂ ತಣ್ಣಗಿಟ್ಟದ್ದನ್ನೇ ಕುಡಿಯಬೇಕು. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ನಲ್ಲಿಯಿಂದ ನೇರವಾಗಿ ಬರುವ ಬಿಯರಿಗೆ ಇರುವ ಅನುಕೂಲ ಇದೇ. ಬೇಸಿಗೆಯಲ್ಲಿ ಅಲ್ಲಿಂದ ಹುಬ್ಬಳ್ಳಿಗೆ ಕಾರಿನ ಡಿಕ್ಕಿಯಲ್ಲಿ ಬಾಟಲಿ ತರುವವರು ಐಸ್ ಪೆಟ್ಟಿಗೆಯಿಲ್ಲದೆ ತರಬಾರದು.

ಏಕ ಹಾಪ್ ಬಿಯರೇ ಶ್ರೇಷ್ಠವೆಂದು ನಾನು ವಾದಿಸುವುದಿಲ್ಲ. ಹಲವು ತಳಿಗಳು ಒಂಟಿಯಾಗಿ ನಿಂತಾಗ ತೆಳುವಾಗುತ್ತವೆ. ಕೆಲವದರಲ್ಲಿ ಕಂಪು ಚೆನ್ನಾಗಿದ್ದು ಕಹಿ ಒರಟಾಗಿರುತ್ತದೆ, ಕೆಲವು ಮೇಲ್ದನಿಯಲ್ಲಿ ಮಾತ್ರ ಮಾತಾಡಿ ಕೆಳಗೆ ಆಧಾರವಿಲ್ಲದಂತೆ ತೋರುತ್ತವೆ. ಜಪಾನಿನಲ್ಲಿ ರೂಪುಗೊಂಡ ಸೊರಾಚಿ ಏಸ್ ಎಂಬ ತಳಿಯ ಲಿಂಬೆ ಮತ್ತು ಸಬ್ಬಸಿಗೆಯಂತಹ ಕಂಪು ಒಂಟಿಯಾಗಿ ಕುಡಿದಾಗ ಕೆಲವರಿಗೆ ಸಾಕೆನಿಸುತ್ತದೆ. ನಮ್ಮಲ್ಲಿ ಸಬ್ಬಸಿಗೆ ಪಲ್ಯ ಇಷ್ಟಪಡುವವರಿಗೆ ಅದು ಹಿಡಿಸೀತು. ಆದ್ದರಿಂದಲೇ ಅನುಭವಿ ತಯಾರಕರು ಸಾಮಾನ್ಯವಾಗಿ ಎರಡು ಮೂರು ತಳಿಗಳನ್ನು ಬೆರೆಸುತ್ತಾರೆ. ಬೆರೆಸುವ ಮುನ್ನ ಒಂದೊಂದನ್ನೂ ಒಂಟಿಯಾಗಿ ಕುದಿಸಿ, ಕುಡಿದು ನೋಡಿರುತ್ತಾರೆ.

ನಮ್ಮ ಕೂಟದ ಕೊನೆಗೆ ಎರಡು ಬಗೆಯ ಬಿಯರೂ ಸ್ವಲ್ಪ ಸ್ವಲ್ಪ ಉಳಿದಿತ್ತು. ಅಕ್ಕನ ಮಗ ಏನನ್ನೂ ಹೇಳದೆ ಎರಡನ್ನೂ ಸಮನಾಗಿ ಬೆರೆಸಿ ಒಂದು ಲೋಟವನ್ನು ದಲಾಲರ ಮುಂದಿಟ್ಟ. ಇಷ್ಟು ಹೊತ್ತಿಗೆ ಬಿಯರ್ ಕೋಣೆಯ ಕಾವಿಗೆ ಹತ್ತಿರ ಬಂದಿದ್ದು, ಕಂಪು ಮೊದಲಿಗಿಂತ ಧಾರಾಳವಾಗಿ ಏಳುತ್ತಿತ್ತು. ಅವರು ಎರಡು ಸಲ ಮೂಸಿದರು, ಲೋಟವನ್ನು ದೂರ ಇಟ್ಟರು, ಮತ್ತೆ ಮೂಸಿದರು. ಮೊದಲು ಪೇರಲ ಬರುತ್ತದೆ, ಅದು ಸರಿದ ಮೇಲೆ ಚಕ್ಕೋತದ ಸಿಪ್ಪೆ ಬರುತ್ತದೆ, ಇದರಲ್ಲಿ ಎರಡೂ ಇವೆ ಎಂದರು.